ಸ್ಟೀಲ್ ಲೋಟದ ಎರಡನೇ ಗೆರೆ

ಆಸ್ಪತ್ರೆಗೆ ಹೋಗಿದ್ದು ನನ್ನ ಸಲುವಾಗಿ ಅಲ್ಲ. ಶಿವಪ್ಪ ಕಾಕಾನ ಜೊತೆ ಹೋಗಿದ್ದೆ, ಅವರ ಮಾತನ್ನು ಹಿಂದಿ ಮಾಡಿ ಹೇಳೋಕೆ.

ಕಾಕಾ ಬಾಗಲಕೋಟೆ ಕಡೆಯವರು, ಗೌಂಡಿ. ಹೆಸರು ಬದಲಿಸಿದ್ದೇನೆ. ಬರೀತೀನಿ ಅಂದಾಗ ‘ಬರಿ ತಮ್ಮಾ, ಆದ್ರ ಊರಾಗ ಗೊತ್ತಾಗಬಾರ್ದು ನೋಡು’ ಅಂದಿದ್ದರು. ಗೋವಾದ ವಾಸ್ಕೋ ಸುತ್ತಮುತ್ತ ಗೋಡೆ ಎತ್ತುತ್ತಾ ಇಪ್ಪತ್ತೆರಡು ವರ್ಷ ಕಳೆದಿದ್ದಾರೆ. ಕೊಂಕಣಿ ಅಲ್ಪಸ್ವಲ್ಪ ಅರ್ಥ ಆಗುತ್ತೆ, ಆಡೋಕೆ ಬರಲ್ಲ. ಹಿಂದಿ ಅಂದರೆ ‘ಈಟಾ ಲಾವ್, ಮಾಲ್ ಲಾವ್, ಪೈಸಾ ಕಬ್’. ಅಷ್ಟರಲ್ಲೇ ಜೀವನ ನಡೆದಿದೆ. ಇಲ್ಲಿ ಅದೇನು ಕಷ್ಟವೂ ಅಲ್ಲ. ಬೈನಾ, ಜುವಾರಿನಗರದ ಕಡೆ ಹೋದರೆ ಕಿರಾಣಿ ಅಂಗಡಿಯವರು, ರಿಕ್ಷಾದವರು, ಮೆಣಸಿನಕಾಯಿ ಮಾರುವ ಹೆಂಗಸರು, ಬಹಳಷ್ಟು ಜನ ನಮ್ಮವರೇ. ಗದಗ, ಕೊಪ್ಪಳ, ವಿಜಯಪುರದವರು. ಆಸ್ಪತ್ರೆ ಮೆಟ್ಟಿಲು ಹತ್ತಿದಾಗ ಮಾತ್ರ ಭಾಷೆ ಸಾಲಲ್ಲ.

ನಾನು ಒಬ್ಬ ಕಾಂಟ್ರಾಕ್ಟರ್ ಹತ್ತಿರ ಸ್ಟೋರ್ ನೋಡಿಕೊಳ್ಳುತ್ತೇನೆ. ಸಿಮೆಂಟ್ ಚೀಲ, ಕಬ್ಬಿಣ, ಮೊಳೆ, ಪೈಪು, ಎಲ್ಲದರ ಲೆಕ್ಕ ನನ್ನದು. ವಯಸ್ಸು ನಲವತ್ತೊಂದು. ಮನೆಯಲ್ಲಿ ಹೆಂಡತಿ, ಐದನೇ ಕ್ಲಾಸಿನ ಮಗಳು. ರಾತ್ರಿ ಊಟಕ್ಕೆ ಮೊದಲು ‘ಎರಡು’ ತಗೊಳ್ಳುವ ಅಭ್ಯಾಸ. ಬರೀ ಎರಡೇ. ಇದು ಹೋದ ವರ್ಷ ಜೂನ್‌ವರೆಗೆ ನಾನು ನಂಬಿದ್ದ ಲೆಕ್ಕ.

ಆ ಜೂನ್‌ನಲ್ಲಿ ಮಳೆ ಹಿಡಿದು ಕೆಲಸ ಅರ್ಧ ನಿಂತಿತ್ತು. ಕಾಕಾ ಏಣಿ ಹತ್ತುವಾಗ ತಲೆ ತಿರುಗಿ ಕೂತುಬಿಟ್ಟರು. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಬಿಪಿ ನೋಡಿದರು, 170 ಬೈ 100. ಡಾಕ್ಟರು ಗುಳಿಗೆ ಬರೆಯುತ್ತಾ ಕೊಂಕಣಿಯಲ್ಲೇ ‘ಸೊರೊ ಪಿಯೆತಾ?’ ಅಂದರು, ಸಾರಾಯಿ ಕುಡೀತೀರಾ ಅಂತ. ಕಾಕಾನಿಗೆ ಅದನ್ನು ಅನುವಾದ ಮಾಡುವ ಅಗತ್ಯವೇ ಬರಲಿಲ್ಲ. ‘ಥೋಡಾ ಥೋಡಾ’ ಅಂದುಬಿಟ್ಟರು. ಡಾಕ್ಟರು ಬೈಯಲಿಲ್ಲ. ಚೀಟಿಯ ಮೂಲೆಯಲ್ಲಿ ಏನೋ ಗೀಚಿ, ಪಕ್ಕದ ಸಣ್ಣ ಕೋಣೆಗೆ ಹೋಗಿ ಅಂದರು.

ಅಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಇಪ್ಪತ್ತೈದು ಇರಬಹುದು. ಕೌನ್ಸೆಲರ್. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಗೋಡೆಯ ಮೇಲೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿನ ಪೋಸ್ಟರು, ಅದರ ಕೆಳಗೆ ಒಂದು ಚಿತ್ರದ ಚಾರ್ಟು: ಬಿಯರ್ ಬಾಟಲಿ, ಪೆಗ್ ಗ್ಲಾಸು, ಫೆನಿ ಬಾಟಲಿ. ಕಾಕಾ ಚಾರ್ಟ್ ನೋಡಿ ನನ್ನ ಕಡೆ ನೋಡಿದರು. ‘ಇದೇನ್ ಬಾರ್ ಏನೋ?’ ಅಂದರು ಮೆಲ್ಲಗೆ.

ಆಕೆ ಹಿಂದಿಯಲ್ಲಿ ಹೇಳಿದ್ದು ಇಷ್ಟು. ಬಿಪಿ ಇರುವ ಎಲ್ಲರಿಗೂ ಇಲ್ಲಿ ಹತ್ತು ಪ್ರಶ್ನೆ ಕೇಳ್ತೀವಿ. ಯಾರನ್ನೂ ಹಿಡಿಯೋಕಲ್ಲ. ಬಿಪಿ ಮೆಷಿನ್ ಹೇಗೋ ಇದೂ ಹಾಗೇ, ಅಳೆಯೋದು ಅಷ್ಟೇ. ಉತ್ತರ ಈ ಕೋಣೆ ಬಿಟ್ಟು ಹೋಗಲ್ಲ. ಕೊನೆಯ ಮಾತನ್ನು ಹೇಳುವಾಗ ಆಕೆ ಕಾಕಾನನ್ನಲ್ಲ, ನನ್ನನ್ನು ನೋಡಿದಳು. ಆಗ ಅದು ನನಗೆ ತಟ್ಟಲಿಲ್ಲ.

ಆ ಪ್ರಶ್ನೆಪಟ್ಟಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಆಡಿಟ್’ ಅಂತ ಆಗುತ್ತೆ. ಸ್ಟೋರ್ ನೋಡಿಕೊಳ್ಳುವವನಿಗೆ ಆಡಿಟ್ ಅಂದರೆ ಹೊಟ್ಟೆಯಲ್ಲಿ ಸಣ್ಣಗೆ ನಡುಕ, ಅಲ್ವಾ. ಆಮೇಲೆ ಹುಡುಕಿ ಓದಿದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 1980ರ ದಶಕದಲ್ಲಿ ಆರು ದೇಶಗಳ ರೋಗಿಗಳನ್ನು ನೋಡಿ ತಯಾರಿಸಿದ್ದು. ನಾರ್ವೆ, ಆಸ್ಟ್ರೇಲಿಯಾ, ಕೀನ್ಯಾ, ಬಲ್ಗೇರಿಯಾ, ಮೆಕ್ಸಿಕೋ, ಅಮೆರಿಕ. ನಮ್ಮ ದೇಶ ಆ ಆರರಲ್ಲಿ ಇರಲಿಲ್ಲ. 1989ರಲ್ಲಿ ಮೊದಲ ಕೈಪಿಡಿ ಬಂತು. ಹತ್ತು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು 40. ಎಂಟು ಮುಟ್ಟಿದರೆ ಕುಡಿತ ಹಾನಿಯ ದಾರಿ ಹಿಡಿದಿದೆ ಅಂತ. ಹದಿನಾರು ಮುಟ್ಟಿದರೆ ಕೂತು ಮಾತಾಡಬೇಕು. ಇಪ್ಪತ್ತು ಮುಟ್ಟಿದರೆ ದೊಡ್ಡ ಡಾಕ್ಟರ ಹತ್ತಿರ ಕಳಿಸಬೇಕು. ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದವನೇ ಜಾಣ.

ಇನ್ನು ಅನುವಾದ.

ಮೊದಲ ಪ್ರಶ್ನೆಗೇ ಸಿಕ್ಕಿಬಿದ್ದೆ. ‘ಎಷ್ಟು ದಿನಕ್ಕೊಮ್ಮೆ ಆಲ್ಕೊಹಾಲ್ ಇರುವ ಪಾನೀಯ ತಗೊಳ್ತೀರಿ’ ಅಂತ ಆಕೆ ಕೇಳಿದಳು. ನಾನು ಕಾಕಾನಿಗೆ ‘ಎಷ್ಟು ದಿನಕ್ಕೊಮ್ಮಿ ಕುಡೀತೀರಿ?’ ಅಂದೆ. ಕಾಕಾನ ಮುಖ ಬಿಗಿಯಿತು. ಕನ್ನಡದಲ್ಲಿ ಕುಡಿಯೋದು ಅಂದರೆ ನೀರೂ ಹೌದು, ಚಹಾನೂ ಹೌದು. ಆದರೆ ‘ಕುಡೀತೀಯಾ?’ ಅಂತ ಒಂದೇ ಶಬ್ದದಲ್ಲಿ ಕೇಳಿದರೆ ಅದು ಪ್ರಶ್ನೆಯಲ್ಲ, ಆರೋಪ. ಹೆಣ್ಣು ಕೊಡುವವರು ಕೇಳುವ ಪ್ರಶ್ನೆ. ಉತ್ತರವೂ ಎರಡೇ: ಇಲ್ಲ, ಅಥವಾ ಕುಡುಕ. ನಡುವೆ ನಿಲ್ಲೋಕೆ ಒಂದು ಶಬ್ದ ಇಲ್ಲ. ಕೊಂಕಣಿಯಲ್ಲೂ ಹಾಗೇ, ‘ಬೆಬ್ಡೊ’ ಅಂದುಬಿಟ್ಟರೆ ಮುಗೀತು. ಶಬ್ದ ಬದಲಿಸಿದೆ. ‘ಎಷ್ಟು ದಿನಕ್ಕೊಮ್ಮಿ ತಗೋತೀರಿ ಕಾಕಾ?’ ಮುಖ ಸಡಿಲಾಯಿತು. ‘ಐತಾರಕ್ಕೊಮ್ಮಿ’ ಅಂದರು.

ನಾನೂ ನಂಬಿದೆ. ಭಾನುವಾರ ಸಂಜೆ ಅವರು ತೂರಾಡುತ್ತಾ ಬಂದು ಶೆಡ್ಡಿನ ಮುಂದೆ ಕೂತು ಭಜನೆ ಪದ ಹೇಳೋದನ್ನು ವರ್ಷಗಟ್ಟಲೆ ನೋಡಿದ್ದೇನೆ. ಉಳಿದ ದಿನ ಕಂಡಿದ್ದಿಲ್ಲ.

ಎರಡನೇ ಪ್ರಶ್ನೆ, ಒಂದು ಸಲಕ್ಕೆ ಎಷ್ಟು. ‘ಒಂದ್ ಕ್ವಾರ್ಟರ್.’ ಅಂದರೆ 180 ಎಂಎಲ್. ಆಕೆ ಚಾರ್ಟಿನ ಮೇಲೆ ಪೆನ್ನು ಓಡಿಸಿ ‘ಆರು ಡ್ರಿಂಕ್’ ಅಂತ ಬರೆದುಕೊಂಡಳು. ಒಂದು ಕ್ವಾರ್ಟರ್ ಆರು ಹೇಗಾಯಿತು? ನಾನು ಕೇಳಿಯೇಬಿಟ್ಟೆ. ಆಕೆ ತಾಳ್ಮೆಯಿಂದ ಹೇಳಿದಳು. ಹತ್ತು ಗ್ರಾಂ ಶುದ್ಧ ಆಲ್ಕೊಹಾಲ್ ಇದ್ದರೆ ಅದು ಒಂದು ಡ್ರಿಂಕ್. ವಿಸ್ಕಿ, ರಮ್, ಫೆನಿ ಆದರೆ ಸುಮಾರು 30 ಎಂಎಲ್. ಗ್ಲಾಸ್ ಎಷ್ಟು ದೊಡ್ಡದು, ಎಷ್ಟು ನೀರು ಹಾಕಿದೆ, ಅದು ಲೆಕ್ಕಕ್ಕಿಲ್ಲ. ನನ್ನ ತಲೆಯಲ್ಲಿ ಆ 30 ಅನ್ನೋದು ಮೊಳೆ ಹೊಡೆದ ಹಾಗೆ ಕೂತಿತು.

ಮುಂದಿನವು ಬೇಗ ಬೇಗ ಹೋದವು. ಒಮ್ಮೆ ಶುರು ಮಾಡಿದರೆ ನಿಲ್ಲಿಸೋಕೆ ಆಗದೇ ಹೋದದ್ದುಂಟಾ? ಕುಡಿತದಿಂದ ಮಾಡಬೇಕಾದ ಕೆಲಸ ತಪ್ಪಿದ್ದುಂಟಾ? ಬೆಳಿಗ್ಗೆ ಎದ್ದು ಮೈ ಹದಕ್ಕೆ ಬರಲಿ ಅಂತ ತಗೊಂಡದ್ದುಂಟಾ? ಎಲ್ಲಕ್ಕೂ ಕಾಕಾ ಇಲ್ಲ, ಇಲ್ಲ, ಇಲ್ಲ. ಏಳನೆಯದರಲ್ಲಿ ಮತ್ತೆ ನಾನು ಎಡವಿದೆ. ಕುಡಿದ ಮೇಲೆ ಅಪರಾಧಿ ಭಾವನೆ ಬಂದಿದೆಯಾ ಅಂತ. ಗೌಂಡಿ ಕಾಕಾನಿಗೆ ‘ಅಪರಾಧಿ ಭಾವನೆ’ ಅಂದರೆ ಪೊಲೀಸ್ ಸ್ಟೇಷನ್ ನೆನಪಾಗುತ್ತೆ. ‘ಮರುದಿವಸ ಮನಸ್ಸಿಗೆ ಚುಚ್ಚಿದಂಗ ಆಗೇತೇನ್ರಿ?’ ಅಂದೆ.

‘ಚುಚ್ಚೂದ್ಯಾಕ? ನನ್ನ ರೊಕ್ಕ, ನನ್ನ ಬಾಯಿ.’

ನಾನು ಅದನ್ನು ಬರೀ ‘ನಹೀ’ ಮಾಡಿ ದಾಟಿಸಿದೆ. ಆದರೆ ಆ ಪ್ರಶ್ನೆಗೆ ಕನ್ನಡ ಹುಡುಕುವಾಗ ನನಗೆ ನನ್ನದೇ ಒಂದು ಬೆಳಿಗ್ಗೆ ನೆನಪಾಗಿಹೋಗಿತ್ತು. ಮಗಳ ಶಾಲೆಯ ಗ್ಯಾದರಿಂಗ್. ರಾತ್ರಿ ಜಾಸ್ತಿ ಆಗಿ, ಬೆಳಿಗ್ಗೆ ಏಳಲಾಗದೆ, ಆಕೆಯ ಹಾಡು ಮುಗಿದ ಮೇಲೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ಹೊಡೆದಿದ್ದೆ. ಚುಚ್ಚಿತ್ತು. ಐದನೇ ಪ್ರಶ್ನೆಗೂ ಅದೇ ಉತ್ತರ. ಅಲ್ಲಿಂದ ಮುಂದೆ ಬಾಯಿ ಕಾಕಾನ ಕೆಲಸ ಮಾಡುತ್ತಿತ್ತು, ತಲೆ ನನ್ನ ಅಂಕ ಕೂಡಿಸುತ್ತಿತ್ತು. ಹತ್ತನೇ ಪ್ರಶ್ನೆ: ಮನೆಯವರು, ಗೆಳೆಯರು, ಡಾಕ್ಟರು, ಯಾರಾದರೂ ಕಡಿಮೆ ಮಾಡು ಅಂತ ಹೇಳಿದ್ದಾರಾ? ‘ನನಗ್ಯಾರ್ ಹೇಳ್ತಾರ?’ ಅಂದರು ಕಾಕಾ. ನನಗೆ ಹೇಳಿದ್ದರು. ಯುಗಾದಿಯ ದಿನ. ‘ಸಿಮೆಂಟ್ ಚೀಲ ಒಂದು ಹೆಚ್ಚುಕಡಿಮೆ ಆದರೆ ರಾತ್ರಿ ನಿದ್ದೆ ಮಾಡಲ್ಲ, ಬಾಟಲಿ ಯಾವಾಗ ಖಾಲಿಯಾಯಿತು ಅಂತ ಮಾತ್ರ ಗೊತ್ತಾಗಲ್ಲ ನಿಮಗೆ’ ಅಂದಿದ್ದಳು ಹೆಂಡತಿ. ಒಂದು ವರ್ಷದ ಒಳಗೆ ಹೇಳಿದ್ದರೆ ನಾಲ್ಕು ಅಂಕ. ಪೂರ್ತಿ ನಾಲ್ಕು.

ಕಾಕಾನದು ಏಳು ಬಂತು. ಎಂಟಕ್ಕೆ ಒಂದು ಕಮ್ಮಿ. ಪಾಸು! ನಾನು ಖುಷಿಯಿಂದ ಇನ್ನೊಂದು ಮಾತು ಸೇರಿಸಿದೆ. ‘ಮೇಡಂ, ಇನ್ನೇನು ಶ್ರಾವಣ ಬರುತ್ತೆ. ನಮ್ಮ ಕಡೆ ಶ್ರಾವಣದಲ್ಲಿ ಯಾರೂ ಮುಟ್ಟಲ್ಲ. ಕಾಕಾ ಒಂದು ತಿಂಗಳು ಪೂರಾ ಬಿಡ್ತಾರೆ, ಪ್ರತಿ ವರ್ಷ.’

ಆಕೆ ಪೆನ್ನು ಕೆಳಗಿಟ್ಟಳು. ಹೋದ ಶ್ರಾವಣದಲ್ಲಿ ಬಿಟ್ಟಾಗ ಮೊದಲ ನಾಲ್ಕು ದಿನ ಏನಾಯಿತು ಕೇಳಿ ಅಂದಳು. ಕೈ ನಡುಕ, ಬೆವರು, ನಿದ್ದೆ ಬರದೇ ಇರೋದು, ಏನಾದರೂ? ನಾನು ‘ಏನೂ ಇಲ್ಲ’ ಅನ್ನೋಕೆ ಬಾಯಿ ತೆರೆದಿದ್ದೆ. ಕಾಕಾ ಕೆಳಗೆ ನೋಡುತ್ತಾ ತಮ್ಮ ಬೆರಳಿನ ಸಿಮೆಂಟ್ ಕೀಳುತ್ತಿದ್ದರು. ಆಕೆ ನನ್ನ ಉತ್ತರಕ್ಕೆ ಕಾಯಲಿಲ್ಲ. ಶುಕ್ರವಾರ ಇಲ್ಲಿ ಕನ್ನಡ ಬರುವ ಸಿಸ್ಟರ್ ಒಬ್ಬರು ಡ್ಯೂಟಿಗೆ ಬರ್ತಾರೆ, ಅಂಕಲ್ ಮತ್ತೆ ಬರಲಿ, ನೀವು ಹೊರಗೆ ಕೂತಿರಿ ಅಂದಳು. ನನಗೆ ಸ್ವಲ್ಪ ಅವಮಾನ ಆಯಿತು ಅಂತಲೇ ಹೇಳಬೇಕು. ಅರ್ಧ ದಿನದ ಕೆಲಸ ಬಿಟ್ಟು ಬಂದವನಿಗೆ ಇದಾ ಬಹುಮಾನ?

ಕಾಕಾ ಗುಳಿಗೆ ತಗೊಳ್ಳೋಕೆ ಸಾಲಿನಲ್ಲಿ ನಿಂತರು. ನಾನು ವಾಪಸ್ ಆ ಕೋಣೆಗೆ ಹೋದೆ. ‘ಮೇಡಂ, ಸುಮ್ನೆ ಕೇಳ್ತೀನಿ, ಬಿಪಿ ಇಲ್ಲದವರಿಗೂ ಈ ಪೇಪರ್ ಕೊಡ್ತೀರಾ?’ ಆಕೆ ನಗಲಿಲ್ಲ. ಯಾರಿಗೆ ಅಂತಲೂ ಕೇಳಲಿಲ್ಲ. ಒಂದು ಹಾಳೆ ಕೊಟ್ಟಳು. ಬೆಂಚಿನ ಮೇಲೆ ಕೂತು ತುಂಬಿದೆ. ವಾರಕ್ಕೆ ನಾಲ್ಕು ದಿನಕ್ಕಿಂತ ಜಾಸ್ತಿ, ನಾಲ್ಕು. ಒಂದು ಸಲಕ್ಕೆ ‘ಎರಡು’, ಸೊನ್ನೆ. ಆರು ಅಥವಾ ಅದಕ್ಕಿಂತ ಜಾಸ್ತಿ ಯಾವಾಗಲೂ ಇಲ್ಲ, ಶನಿವಾರ ಆದರೂ ಮೂರೇ, ಸೊನ್ನೆ. ಕೆಲಸ ತಪ್ಪಿದ್ದಕ್ಕೆ ಒಂದು, ಚುಚ್ಚಿದ್ದಕ್ಕೆ ಎರಡು, ರಾತ್ರಿ ಏನಾಯಿತು ನೆನಪಿಲ್ಲದ್ದಕ್ಕೆ ಒಂದು. ಹೆಂಡತಿಯ ನಾಲ್ಕು. ಒಟ್ಟು 12.

ಆಕೆ ನೋಡಿದಳು. ಎರಡನೇ ಪ್ರಶ್ನೆಯ ಮೇಲೆ ಬೆರಳಿಟ್ಟು, ‘ಯಾವ ಗ್ಲಾಸು?’ ಅಂದಳು.

ಸ್ಟೀಲ್ ಲೋಟ. ಮದುವೆಯಲ್ಲಿ ಬಂದದ್ದು, ತಳದಲ್ಲಿ ಮಾವನ ಹೆಸರು ಕೆತ್ತಿದೆ. ಸುತ್ತ ಗೆರೆ ಗೆರೆ. ಎರಡನೇ ಗೆರೆವರೆಗೆ ಮಾಲು, ಮೇಲೆ ನೀರು. ಹನ್ನೆರಡು ವರ್ಷದಿಂದ ಅದೇ ಅಳತೆ.

‘ಇವತ್ತು ರಾತ್ರಿ ಅಳೆದು ನೋಡಿ’ ಅಂದಳು.

ಮನೆಯಲ್ಲಿ ಅಳೆಯುವ ಗ್ಲಾಸ್ ಎಲ್ಲಿರುತ್ತೆ? ಮಗಳ ಜ್ವರದ ಸಿರಪ್ ಬಾಟಲಿಯ ಮೇಲಿನ ಪುಟ್ಟ ಪ್ಲಾಸ್ಟಿಕ್ ಕಪ್ ತಗೊಂಡೆ. ಹತ್ತು ಎಂಎಲ್ ಗೆರೆ ಇರುವುದು. ಕಟ್ಟೆಯ ಮೇಲೆ ಲೋಟ ಇಟ್ಟು, ನೀರಿನಲ್ಲೇ ಅಳೆಯೋಣ ಅಂತ ಶುರು ಮಾಡಿದೆ. ಮಗಳು ಬಂದು ಪಕ್ಕ ನಿಂತಳು. ‘ಅಪ್ಪಾ, ಪ್ರಯೋಗನಾ? ನಾನು ಎಣಿಸ್ತೀನಿ.’ ಒಂದು ಕಪ್ ಹಾಕಿದೆ. ‘ಒಂದು’ ಅಂದಳು. ಎರಡು. ಮೂರು. ಮೂರಕ್ಕೆ 30 ಎಂಎಲ್, ಒಂದು ಡ್ರಿಂಕ್ ಆಯಿತು. ನೀರು ಇನ್ನೂ ಮೊದಲ ಗೆರೆಯ ಹತ್ತಿರವೂ ಬಂದಿರಲಿಲ್ಲ. ಸ್ಟೀಲ್ ಲೋಟ ಮೇಲೆ ಅಗಲ, ಕೆಳಗೆ ಕಿರಿದು, ಆದರೂ ತಳದಲ್ಲಿ ಎಷ್ಟೊಂದು ಹಿಡಿಯುತ್ತೆ ಅಂತ ಆವತ್ತು ಗೊತ್ತಾಯಿತು. ನಾಲ್ಕು. ಐದು. ಆರು. ನಾನು ನಿಧಾನ ಮಾಡಿದೆ. ಆಕೆ ಮಾತ್ರ ಜೋರಾಗೇ ಎಣಿಸುತ್ತಿದ್ದಳು. ಏಳು. ಎರಡನೇ ಗೆರೆ ಮುಟ್ಟಿದ್ದು ಏಳೂವರೆಗೆ.

75 ಎಂಎಲ್. ಎರಡು ಲೋಟಕ್ಕೆ 150. ಅಂದರೆ ‘ಎರಡು’ ಅಲ್ಲ, ಐದು.

ಮಗಳು ‘ಇದು ಯಾವ ಸಬ್ಜೆಕ್ಟು ಅಪ್ಪಾ?’ ಅಂದಳು. ಅಡುಗೆಮನೆ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಏನೂ ಅನ್ನಲಿಲ್ಲ. ಗಣಿತ ಅಂದೆ.

ಆ ರಾತ್ರಿ ಬಾಟಲಿಯ ಲೇಬಲ್ ಮೊದಲ ಸಲ ಓದಿದೆ. 42.8 ಪರ್ಸೆಂಟ್. 30 ಎಂಎಲ್‌ನಲ್ಲಿ ಹತ್ತಿರ ಹತ್ತಿರ 13 ಎಂಎಲ್ ಆಲ್ಕೊಹಾಲ್. ಅದು ನೀರಿಗಿಂತ ಹಗುರ, ಒಂದು ಎಂಎಲ್ ತೂಗೋದು 0.79 ಗ್ರಾಂ. ಗುಣಿಸಿದರೆ ಹೆಚ್ಚುಕಡಿಮೆ ಹತ್ತು ಗ್ರಾಂ. ಹುಡುಗಿ ಹೇಳಿದ್ದು ಸರಿ ಇತ್ತು. ‘ಬಿಯರ್ ಲೆಕ್ಕಕ್ಕಿಲ್ಲ’ ಅನ್ನುವ ಗೆಳೆಯರಿಗಾಗಿ ಅದನ್ನೂ ಗುಣಿಸಿ ನೋಡಿದೆ. 650 ಎಂಎಲ್ ಬಾಟಲಿ, ಐದು ಪರ್ಸೆಂಟಿನದಾದರೆ ಎರಡೂವರೆ ಡ್ರಿಂಕ್. ಎಂಟು ಪರ್ಸೆಂಟಿನ ಸ್ಟ್ರಾಂಗ್ ಆದರೆ ನಾಲ್ಕು. ಸ್ಟೋರಿನಲ್ಲಿ ಪುಸ್ತಕದ ಸ್ಟಾಕ್ ಒಂದು, ಗೋಡೌನ್‌ನಲ್ಲಿ ಇರುವ ಸ್ಟಾಕ್ ಇನ್ನೊಂದು ಆದರೆ ನಾವು ಕೂಲಿಯವರನ್ನು ಬೈಯುತ್ತೇವೆ. ಇಲ್ಲಿ ಬೈಯೋದು ಯಾರನ್ನ?

ಅಂಕ ತಿದ್ದಿದೆ. ಐದು ಡ್ರಿಂಕ್‌ಗೆ ಎರಡು. ಶನಿವಾರದ ಮೂರು ಲೋಟ ಅಂದರೆ ಏಳರ ಮೇಲೆ, ವಾರಕ್ಕೊಮ್ಮೆ ಆರು ದಾಟಿದ ಹಾಗಾಯಿತು, ಅದಕ್ಕೆ ಮೂರು. 12 ಹೋಗಿ 17 ಆಯಿತು.

ಶುಕ್ರವಾರ ಇಬ್ಬರೂ ಹೋದೆವು. ಕಾಕಾ ಒಳಗೆ ಹೋದರು, ಹುಬ್ಬಳ್ಳಿ ಕಡೆಯ ಸಿಸ್ಟರ್ ಬಂದರು, ಬಾಗಿಲು ಮುಚ್ಚಿತು. ಸುಮಾರು ನಲವತ್ತು ನಿಮಿಷ. ಹೊರಗೆ ಬಂದ ಕಾಕಾ ನನ್ನ ಜೊತೆ ಮಾತಾಡಲಿಲ್ಲ. ಅವರನ್ನು ಡಾಕ್ಟರು ಮತ್ತೆ ನೋಡಿದರು. ಬಾಂಬೋಳಿಯ ಮಾನಸಿಕ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ‘ಹುಚ್ಚರ ದವಾಖಾನಿಗೆ ಕಳಸ್ತಾರ ತಮ್ಮಾ’ ಅಂತ ದಾರಿಯುದ್ದಕ್ಕೂ ಅದೊಂದೇ ಮಾತು. ಅವರ ಅಂಕ ಎಷ್ಟು ಬಂತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಏನು ಹೇಳಿದರು ಅನ್ನೋದು ಗೊತ್ತಾಗಿದ್ದು ತಿಂಗಳ ಮೇಲೆ, ಸ್ಟೋರಿನ ಸಿಮೆಂಟ್ ಚೀಲದ ಮೇಲೆ ಕೂತಾಗ. ಬೆಳಿಗ್ಗೆ ಆರೂವರೆಗೇ ಅರ್ಧ ಷಟರ್ ಎತ್ತುವ ಒಂದು ಬಾರ್ ಇದೆ. ಕೆಲಸಕ್ಕೆ ಹೋಗೋ ಮುಂಚೆ ಅಲ್ಲಿ ನಿಂತುಕೊಂಡೇ ಒಂದು ನೈಂಟಿ ಹಾಕುತ್ತಿದ್ದರಂತೆ. ಪ್ರತಿ ದಿನ. ‘ಇಲ್ಲಂದ್ರ ಕರಣಿ ಹಿಡದ ಕೈ ನಿಲ್ಲಂಗಿಲ್ಲ. ಗಿಲಾವ್ ಸೊಟ್ಟ ಬಂದ್ರ ನೀನ ಬೈತಿದ್ದಿ.’ ಹೋದ ಶ್ರಾವಣದಲ್ಲಿ ಬಿಟ್ಟ ಮೂರನೇ ದಿನ ಗೋಡೆ ತುಂಬಾ ಇರಬಿ ಹರಿದಾಡಿದ್ದು ಕಂಡಿತ್ತಂತೆ. ಕೈಯಲ್ಲಿ ಒರೆಸಿದಷ್ಟೂ ಬರುತ್ತಿದ್ದವು. ಅದು ನನಗೆ ನೆನಪಿದೆ. ಶೆಡ್ಡಿನ ಹುಡುಗರು ಕಾಕಾನಿಗೆ ಗಾಳಿ ಸೋಕಿದೆ ಅಂತ ಅಂತ್ರ ಕಟ್ಟಿಸೋಕೆ ದುಡ್ಡು ಕೂಡಿಸಿದ್ದರು. ನಾನೂ ಇನ್ನೂರು ರೂಪಾಯಿ ಕೊಟ್ಟಿದ್ದೆ. ಆಸ್ಪತ್ರೆಯಲ್ಲಿ ಆ ಹುಡುಗಿ ಕೇಳಿದಾಗ ‘ಏನೂ ಇಲ್ಲ’ ಅನ್ನೋಕೆ ಬಾಯಿ ತೆರೆದವನೂ ನಾನೇ.

ಇದೊಂದು ವಿಷಯ ನಮ್ಮ ಜನಕ್ಕೆ ಜೋರಾಗಿ ಹೇಳಬೇಕು. ದಿನಾ ಜಾಸ್ತಿ ಕುಡಿಯುವವರು, ಬೆಳಿಗ್ಗೆ ಕೈ ನಡುಗುವವರು, ದೇವರ ಮೇಲೆ ಆಣೆ ಹಾಕಿ ಒಮ್ಮೆಲೇ ಬಿಡಬಾರದು. ಮೊದಲ ದಿನ ನಡುಕ, ಬೆವರು. ಎರಡು ದಿನದ ಒಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದು ಕಾಣೋದು, ಗುರುತು ಸಿಗದೇ ಇರೋದು. ಜೀವ ಹೋಗೋದೂ ಉಂಟು. ಅಂಥವರಿಗೆ ಡಾಕ್ಟರ ಕಣ್ಣೆದುರು ಕೆಲವು ದಿನ ಗುಳಿಗೆ ಕೊಟ್ಟು ಇಳಿಸುತ್ತಾ ಬರ್ತಾರೆ, ಬಿ1 ವಿಟಮಿನ್ ಸೂಜಿ ಹಾಕ್ತಾರೆ. ಕಾಕಾನಿಗೂ ಅದೇ ಮಾಡಿದರು. ಹುಚ್ಚರ ದವಾಖಾನೆ ಅಂದವರು ಬರುವಾಗ ‘ಊಟ ಚಲೋ ಇತ್ತು’ ಅಂದರು.

ನನಗೆ ಬೆಳಗಿನ ನಡುಕ ಇರಲಿಲ್ಲ. ಅದನ್ನು ಕೌನ್ಸೆಲರ್ ಹುಡುಗಿ ಎರಡು ಸಲ ಕೇಳಿ ಖಚಿತ ಮಾಡಿಕೊಂಡೇ ಮುಂದೆ ಹೋದಳು. ರಕ್ತ ಪರೀಕ್ಷೆಯಲ್ಲಿ ಲಿವರ್‌ನ ಜಿಜಿಟಿ ಅನ್ನೋದು 96 ಇತ್ತು, ಇರಬೇಕಾದ್ದಕ್ಕಿಂತ ಜಾಸ್ತಿ. ವಾರಕ್ಕೊಂದರಂತೆ ನಾಲ್ಕು ಸಲ ಬನ್ನಿ ಅಂದಳು. ಅರ್ಧ ಮುಕ್ಕಾಲು ಗಂಟೆ ಮಾತು, ಅಷ್ಟೇ. ಗುಳಿಗೆ ಇಲ್ಲ.

ಬರೀ ಮಾತಿನಿಂದ ಏನಾಗುತ್ತೆ ಅಂತ ನನಗೂ ಅನುಮಾನ ಇತ್ತು. ಆಕೆ ಹೇಳಿದ ಮೇಲೆ ಮೊಬೈಲ್‌ನಲ್ಲಿ ಹುಡುಕಿ ಓದಿದೆ. ಇದೇ ಗೋವಾದಲ್ಲಿ, ಸಂಗಾತ್ ಅನ್ನುವ ಸಂಸ್ಥೆಯವರು ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಆಡಿಟ್‌ನಲ್ಲಿ 12ರಿಂದ 19 ಬಂದ 377 ಗಂಡಸರು. ಮಾತಾಡಿಸಿದವರು ಡಾಕ್ಟರಲ್ಲ, ತರಬೇತಿ ಪಡೆದ ಊರಿನ ಜನ. 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಮೂರು ತಿಂಗಳ ನಂತರ ನೋಡಿದರೆ ಹೀಗೆ ಮಾತಾಡಿಸಿಕೊಂಡವರಲ್ಲಿ ನೂರಕ್ಕೆ 36 ಜನ ಎಂಟಕ್ಕಿಂತ ಕೆಳಗೆ ಇಳಿದಿದ್ದರು. ಮಾತಾಡಿಸದೆ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ 26. ಅಂದರೆ ಪವಾಡ ಏನಲ್ಲ. ಮಾತಾಡಿಸಿದ ನೂರರಲ್ಲಿ 64 ಜನ ಕೆಳಗೆ ಇಳಿಯಲೇ ಇಲ್ಲ. ನಾನು ಆ 36ರ ಕಡೆಯೋ 64ರ ಕಡೆಯೋ ಅನ್ನೋದು ಓದುವಾಗ ಗೊತ್ತಿರಲಿಲ್ಲ. ಆದರೂ ನಾಲ್ಕು ಸಲ ಮಾತಾಡಿ ನೂರಕ್ಕೆ ಹತ್ತು ಜನ ಜಾಸ್ತಿ ಇಳಿದರು ಅಂದರೆ ಕಡಿಮೆ ಏನಲ್ಲ.

ಮೊದಲ ದಿನ ಆಕೆ ಕೇಳಿದ್ದು ‘ಕುಡಿತದಿಂದ ನಿಮಗೆ ಏನು ಒಳ್ಳೇದಾಗುತ್ತೆ?’ ನಾನು ಉಪದೇಶಕ್ಕೆ ತಯಾರಾಗಿ ಹೋಗಿದ್ದೆ. ಕಾಲು ನೋವು ಗೊತ್ತಾಗಲ್ಲ, ನಿದ್ದೆ ಬರುತ್ತೆ, ತಲೆಯಲ್ಲಿ ಸ್ಟೋರ್ ಮುಚ್ಚುತ್ತೆ ಅಂದೆ. ಬರೆದುಕೊಂಡಳು. ನಿದ್ದೆ ಬರುತ್ತೆ, ಆದರೆ ಮೂರು ಗಂಟೆಗೆ ಎಚ್ಚರ ಆಗಲ್ವಾ? ಆಗುತ್ತೆ. ವಯಸ್ಸಿನಿಂದ ಅಂದುಕೊಂಡಿದ್ದೆ.

ಎರಡನೇ ವಾರ ಡೈರಿ. ಯಾವಾಗ, ಎಷ್ಟು, ಅದಕ್ಕೆ ಮುಂಚೆ ಏನಾಯಿತು. ಇದು ನನ್ನ ಕಸುಬು, ಕಾಲಂ ಎಳೆದು ಬರೆದೆ. ಏಳು ದಿನದಲ್ಲಿ ಐದು ದಿನ ಒಂದೇ ಸಮಯ ಇತ್ತು, ಎಂಟೂಕಾಲು. ಸ್ಟೋರ್ ಬೀಗ ಹಾಕಿ ಮನೆಗೆ ಬಂದು ಕೀಲಿ ಗೊಂಚಲು ಮೊಳೆಗೆ ನೇತುಹಾಕಿದ ಕೂಡಲೇ ಕೈ ತಾನಾಗಿ ಕಪಾಟಿಗೆ ಹೋಗುತ್ತಿತ್ತು. ಮಧ್ಯಾಹ್ನ ಒಂದಕ್ಕೆ ಉಂಡವನು ಎಂಟೂಕಾಲಿನವರೆಗೆ ಚಹಾ ಬಿಟ್ಟು ಏನೂ ತಿನ್ನುತ್ತಿರಲಿಲ್ಲ. ಹಸಿವು ಅದು. ಬಂದ ಕೂಡಲೇ ಎರಡು ರೊಟ್ಟಿ ತಿನ್ನೋಕೆ ಶುರು ಮಾಡಿದೆ. ಇಷ್ಟು ಸಣ್ಣ ವಿಷಯ! ಕೀಲಿಯ ಮೊಳೆಯನ್ನೂ ಬಾಗಿಲ ಹತ್ತಿರಕ್ಕೆ ಬದಲಿಸಿದೆ.

ಮೂರನೇ ವಾರ ನಾಟಕ. ಆಕೆ ನನ್ನ ಗೆಳೆಯನ ಪಾತ್ರ ಮಾಡಿದಳು. ‘ಅರೇ ಭಾಯ್, ಏಕ್ ಪೆಗ್ ಸೇ ಕ್ಯಾ ಹೋತಾ ಹೈ’ ಅಂತ ಮೇಜು ಬಡಿದಳು. ನಮ್ಮ ಶನಿವಾರದ ಗುಂಪಿನವರನ್ನು ಎಲ್ಲಿ ನೋಡಿದ್ದಳೋ, ಥೇಟ್ ಹಾಗೇ. ನಾನು ಹೊಟ್ಟೆ ಸರಿ ಇಲ್ಲ ಅಂದೆ. ‘ಹೊಟ್ಟೆಗೆ ಇದೇ ಔಷಧಿ’ ಅಂದಳು. ನಾಳೆ ಬೇಗ ಏಳಬೇಕು ಅಂದೆ. ‘ನಾನೂ ಏಳಬೇಕು.’ ನಾಲ್ಕನೇ ಸಲಕ್ಕೆ ಬರೀ ‘ಇವತ್ತು ಬೇಡ’ ಅಂದು ಸುಮ್ಮನಾದೆ. ಆಗ ಆಕೆಗೆ ಹೇಳೋಕೆ ಏನೂ ಉಳಿಯಲಿಲ್ಲ. ಕಾರಣ ಕೊಟ್ಟಷ್ಟೂ ಎದುರಿನವನಿಗೆ ಹಿಡಿಯೋಕೆ ತುದಿ ಸಿಗುತ್ತೆ.

ನಾಲ್ಕನೇ ವಾರದ್ದು ಹೆಚ್ಚು ನೆನಪಿಲ್ಲ. ತಪ್ಪಿದರೆ ಏನು ಮಾಡೋದು ಅಂತ ಇತ್ತು. ತಪ್ಪಿದೆ, ಒಂದು ಮದುವೆಯಲ್ಲಿ. ಹೋಗಿ ಹೇಳಿದೆ. ಆಯಿತು ಅಂದಳು.

ಶ್ರಾವಣದ ಬಗ್ಗೆಯೂ ಮಾತು ಬಂತು. ‘ನಾನು ಬೇಕಾದಾಗ ಬಿಡಬಲ್ಲೆ’ ಅನ್ನೋದಕ್ಕೆ ನನ್ನ ದೊಡ್ಡ ಸಾಕ್ಷಿ ಅದೇ ಆಗಿತ್ತು. ಆಕೆ ಒಂದೇ ಪ್ರಶ್ನೆ ಕೇಳಿದಳು, ಶ್ರಾವಣ ಮುಗಿದ ಮರುದಿನ ಏನು ಮಾಡ್ತೀರಿ? ಮರುದಿನದ ಪಾರ್ಟಿಗೆ ನಾವು ಒಂದು ವಾರ ಮುಂಚೆಯೇ ಚಂದಾ ಎತ್ತುತ್ತೇವೆ. ಹೇಳೋಕೆ ನಾಚಿಕೆಯಾಗಿ ಹಬ್ಬ ಅಂದೆ.

ಸೆಪ್ಟೆಂಬರ್ ಕೊನೆಗೆ ಮತ್ತೆ ಹತ್ತು ಪ್ರಶ್ನೆ. ಈ ಸಲ ಕಳೆದ ಮೂರು ತಿಂಗಳು ಹೇಗಿತ್ತು ನೋಡೋಣ ಅಂದಳು. ಈಗ ವಾರಕ್ಕೆ ಎರಡು ಮೂರು ದಿನ, ಸಿರಪ್ ಕಪ್‌ನಲ್ಲಿ ಆರು ಸಲ ಅಳೆದ 60 ಎಂಎಲ್. ಹತ್ತನೇ ಪ್ರಶ್ನೆಗೆ ಮಾತ್ರ ವರ್ಷದ್ದೇ ಲೆಕ್ಕ, ಯುಗಾದಿ ಇನ್ನೂ ಒಂದು ವರ್ಷ ದಾಟದ ಕಾರಣ ಹೆಂಡತಿಯ ನಾಲ್ಕು ಅಂಕ ಹಾಗೇ ಉಳಿದಿತ್ತು. ಒಟ್ಟು ಒಂಬತ್ತು. ಎಂಟು ಇನ್ನೂ ಮೇಲಿಂದ ಅಣಕಿಸುತ್ತೆ, ಅಲ್ಲ, ಕೆಳಗಿನಿಂದ. ಜಿಜಿಟಿ 58ಕ್ಕೆ ಬಂದಿದೆ. ಎಷ್ಟು ಕುಡಿದರೆ ಸುರಕ್ಷಿತ ಅಂತ ಕೇಳಿದ್ದಕ್ಕೆ ಆಕೆ ಅಂಥ ಅಳತೆ ಇಲ್ಲ ಅಂದಳು. ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಅದನ್ನೇ ಹೇಳಿದೆ. ನಾನು ಆ 60ಕ್ಕೆ ಇನ್ನೂ ಅಂಟಿಕೊಂಡಿದ್ದೇನೆ, ಅದು ನನ್ನ ಹಟ.

ಅಕ್ಟೋಬರ್‌ನಲ್ಲಿ ಮಗಳಿಗೆ ಜ್ವರ ಬಂತು. ಸಿರಪ್ ಇದೆ, ಕಪ್ ಇಲ್ಲ. ಹೆಂಡತಿ ಔಷಧಿ ಡಬ್ಬಿ ಪೂರ್ತಿ ಹುಡುಕಿದಳು. ಕಪ್ ನನ್ನ ಕಪಾಟಿನಲ್ಲಿ, ಬಾಟಲಿಯ ಮೇಲೆ ಬೋರಲು ಹಾಕಿತ್ತು. ಆಕೆ ಅದನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆದಳು. ಮರುದಿನ ಮೆಡಿಕಲ್‌ನಿಂದ ನಾನು ಬೇರೆ ಕಪ್ ತಂದೆ.

ಮೊನ್ನೆ ಕಾಕಾನ ಜೊತೆ ಮತ್ತೆ ಆಸ್ಪತ್ರೆಗೆ ಹೋದೆ. ಕನ್ನಡದ ಸಿಸ್ಟರ್ ರಜೆಯಲ್ಲಿದ್ದರು. ಹೊರಡುವಾಗಲೇ ಕಾಕಾ ಕರಾರು ಹಾಕಿದ್ದರು. ‘ಬಿಪಿದು ಕೇಳೂತನ ಒಳಗಿರು. ಆಮ್ಯಾಲ ಹೊರಗ ಕೂಡು.’ ಬಿಪಿ 140 ಬೈ 90. ಅಷ್ಟು ಹೇಳಿಕೊಟ್ಟು ಬೆಂಚಿಗೆ ಬಂದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಆ ಹುಡುಗಿ ನಿಧಾನವಾಗಿ ಹಿಂದಿಯಲ್ಲಿ ಏನೋ ಕೇಳಿದಳು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕಾಕಾನ ದನಿ, ಇಟ್ಟಂಗಿ ಎಣಿಸುವಾಗಿನ ಹಿಂದಿ.

‘ಏಕ್ ಮಹಿನಾ ಮೇ ದೋ ಬಾರ್... ನಹೀ ನಹೀ. ರುಕೋ. ತೀನ್.’

ನಾನು ಎದ್ದು ಚಹಾದ ಅಂಗಡಿ ಕಡೆ ಹೋದೆ.